ಮೀಸೆ ಮೂಡುವ ಹೊತ್ತಿಗೆ ಕರೆಂಟು ಹೋಯಿತು

"ಇವನು ಒಂದು ಕೆಲಸದಲ್ಲಿ ನೆಟ್ಟಗೆ ನಿಲ್ಲೋದು ಯಾವ ಕಾಲಕ್ಕೆ?"

ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಮ್ಮ ಮನೆಯಾಕೆ ತಲೆ ಎತ್ತದೆ ಕೇಳಿದಳು. ಮಾಮೂಲಾಗಿ ಈ ಪ್ರಶ್ನೆ ನನ್ನ ತಮ್ಮನಿಗೆ ಮೀಸಲು. ಆವತ್ತು ಮಾತ್ರ ಅದು ಪ್ಯಾರಿಸ್ಸಿನ ಆಂತ್ವಾನ್ ದ್ವಾನೆಲ್ ಎಂಬ ಮಹಾನುಭಾವನ ಪಾಲಿಗೆ ಹೋಯಿತು.

ಆದದ್ದಿಷ್ಟು. ನನ್ನ ಅಕ್ಕನ ಮಗನಿಗೆ ದೇವನಹಳ್ಳಿ ಏರ್‌ಪೋರ್ಟಿನ ಆಸುಪಾಸಿನಲ್ಲಿ ಕೆಲಸ. ಸೂಲಿಬೆಲೆಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ನಾವೆಲ್ಲ ಆ ವಯಸ್ಸಿನಲ್ಲಿ ಹೊಸಕೋಟೆಗೆ ಹೋದರೆ ಬಿರಿಯಾನಿ ಕಟ್ಟಿಸಿಕೊಂಡು ಬರುತ್ತಿದ್ದೆವು. ಇವನು ಫ್ರೆಂಚ್ ಸಿನಿಮಾ ಕಟ್ಟಿಸಿಕೊಂಡು ಬರುತ್ತಾನೆ. ಸಂಕ್ರಾಂತಿ ರಜಕ್ಕೆ ನಮ್ಮ ಟೀವಿಗೆ ಏನೋ ಒಂದು ಸಿಕ್ಕಿಸಿ, "ಮಾವ, ಐದು ಸಿನಿಮಾ, ಒಬ್ಬನೇ ಹುಡುಗ, ಇಪ್ಪತ್ತು ವರ್ಷ. ಕೂತ್ಕೊಳಿ" ಅಂದ. ಇಪ್ಪತ್ತು ವರ್ಷ ಕೂರಬೇಕೇನೋ ಎಂದು ನನಗೆ ಗಾಬರಿ. ಆಮೇಲೆ ತಿಳಿಯಿತು, ಹಾಗೆ ಕಾದು ಕೂತವನು ಅದರ ಡೈರೆಕ್ಟರು.

ಫ್ರಾನ್ಸ್ವಾ ತ್ರೂಫೋ ಅಂತ ಅವನ ಹೆಸರು. 1959ರಲ್ಲಿ ತನಗಿನ್ನೂ 27 ವರ್ಷವಾಗಿದ್ದಾಗ 'ದಿ ಫೋರ್ ಹಂಡ್ರೆಡ್ ಬ್ಲೋಸ್' ಎಂಬ ಸಿನಿಮಾ ತೆಗೆದ. ಅದರಲ್ಲಿ ಶಾಲೆಗೆ ಚಕ್ಕರ್ ಹೊಡೆಯುವ ಪೋರ ಆಂತ್ವಾನ್. ಆಡಿದವನು ಝಾನ್ ಪಿಯೆರ್ ಲೆಯೋ, 14 ವರ್ಷದ ಹುಡುಗ. ಬೇರೆಯವರಾಗಿದ್ದರೆ ಹುಡುಗನ ಕೊರಳಿಗೊಂದು ಹಾರ, ಪೇಪರಿನಲ್ಲೊಂದು ಫೋಟೋ ಹಾಕಿಸಿ ಮನೆಗೆ ಕಳಿಸುತ್ತಿದ್ದರು. ಈತ ಬಿಡಲಿಲ್ಲ. 1962ರಲ್ಲಿ ಒಂದು ಚಿಕ್ಕ ಸಿನಿಮಾಕ್ಕೆ ಕರೆದ, 1968ರಲ್ಲಿ ಕರೆದ, 1970ರಲ್ಲಿ ಕರೆದ, 1979ರಲ್ಲಿ ಮತ್ತೆ ಕರೆದ. ಅದೇ ಲೆಯೋ, ಅದೇ ಆಂತ್ವಾನ್. ಹುಡುಗನ ಗಂಟಲು ಒಡೆದದ್ದು, ಕೆನ್ನೆ ಒಳಗೆ ಹೋದದ್ದು, ಕಣ್ಣಿನ ಕೆಳಗೆ ಕಪ್ಪಾದದ್ದು ಎಲ್ಲವೂ ಅಸಲಿ. ಮೇಕಪ್ಪಿನವನಿಗೆ ಕೆಲಸವೇ ಇಲ್ಲ. ಕಾಲವೇ ಬಂದು ಬಣ್ಣ ಹಚ್ಚಿ ಹೋಗಿದೆ.

ನಮ್ಮ ಮನೆಯಾಕೆಗೆ ಮೊದಲ ಸಿನಿಮಾ ಹಿಡಿಸಿತು. ಚಕ್ಕರ್ ಹೊಡೆದು ಮಾರನೇ ದಿನ ಮೇಷ್ಟ್ರ ಮುಂದೆ ನಿಂತ ಆಂತ್ವಾನ್ "ಅಮ್ಮ ತೀರಿಕೊಂಡಳು" ಎಂದುಬಿಡುತ್ತಾನೆ. ಸ್ವಲ್ಪ ಹೊತ್ತಿಗೆ ಆ ತೀರಿಕೊಂಡ ಅಮ್ಮನೇ ಶಾಲೆಗೆ ನಡೆದು ಬರುತ್ತಾಳೆ. ನಾನು ನಕ್ಕೆ, ಆದರೆ ಕಸುಬು ಗೊತ್ತಿಲ್ಲದ ಹುಡುಗ ಅನ್ನಿಸಿತು. ನಮ್ಮ ಕಡೆ ಯಾರೂ ಅಮ್ಮನ ತಂಟೆಗೆ ಹೋಗುವುದಿಲ್ಲ. ಅಜ್ಜಿ ಇರುವುದೇ ಅದಕ್ಕೆ. ನಮ್ಮಜ್ಜಿ ನನ್ನ ಹೈಸ್ಕೂಲಿನ ಮೂರು ವರ್ಷದಲ್ಲಿ ನಾಲ್ಕು ಸಲ ಶಿವನ ಪಾದ ಸೇರಿದ್ದಳು. ಒಂದು ಸಲವಂತೂ ಸಂತೆಯಲ್ಲಿ ಮೇಷ್ಟ್ರ ಎದುರಿಗೇ ಸಿಕ್ಕಿ, "ಮಗ ಚೆನ್ನಾಗಿ ಓದ್ತವ್ನಾ ಸ್ವಾಮಿ?" ಎಂದು ವಿಚಾರಿಸಿಕೊಂಡು ಬಂದಳು. ಮಾರನೇ ದಿನ ನನಗೆ ಬಿದ್ದ ಏಟನ್ನು ಲೆಕ್ಕ ಇಟ್ಟಿದ್ದರೆ ಆ ಸಿನಿಮಾದ ಹೆಸರನ್ನು ನನಗೇ ಇಡಬಹುದಿತ್ತು.

ಆಮೇಲೆ ಆಂತ್ವಾನ್ ಅಪ್ಪನ ಆಫೀಸಿನಿಂದ ಟೈಪ್‌ರೈಟರ್ ಕದಿಯುತ್ತಾನೆ. ಕದಿಯುವಾಗ ಸಿಕ್ಕಿಬೀಳುವುದಿಲ್ಲ, ಮಾರಲಾಗದೆ ವಾಪಸ್ ಇಡಲು ಹೋದಾಗ ಸಿಕ್ಕಿಬೀಳುತ್ತಾನೆ. "ಪಾಪ, ಕದಿಯೋಕೂ ಬರಲ್ಲ" ಎಂದು ಮನೆಯಾಕೆ ಲೊಚಗುಟ್ಟಿದಳು. ಕೊನೆಗೆ ರಿಮ್ಯಾಂಡ್ ಹೋಮಿನಿಂದ ತಪ್ಪಿಸಿಕೊಂಡು ಓಡುತ್ತಾನೆ, ಓಡುತ್ತಾನೆ, ಸಮುದ್ರ ಬರುತ್ತದೆ. ತಿರುಗಿ ನಮ್ಮನ್ನು ನೋಡುತ್ತಾನೆ. ಚಿತ್ರ ಅಲ್ಲೇ ನಿಂತುಬಿಡುತ್ತದೆ. "ನೆಟ್ ಹೋಯ್ತಾ?" ಅಂದಳು. ಇಲ್ಲ, ಮುಗಿಯಿತು ಅಂದ ಅಕ್ಕನ ಮಗ.

ಅಲ್ಲಿಂದ ಮುಂದಿನ ಸಿನಿಮಾಗಳಲ್ಲಿ ಅವಳಿಗೆ ಅವನ ಮೇಲಿನ ಕನಿಕರ ಕರಗುತ್ತಾ ಬಂತು. ಮಿಲಿಟರಿಯಿಂದ ಹೊರಗೆ ಹಾಕಿಸಿಕೊಳ್ಳುತ್ತಾನೆ. ಹೋಟೆಲಿನಲ್ಲಿ ರಾತ್ರಿ ಪಾಳಿ, ಅದು ಹೋಯಿತು. ಪತ್ತೇದಾರಿ ಕಂಪನಿ, ಅದೂ ಹೋಯಿತು. ಪತ್ತೇದಾರಿಯ ನೆಪದಲ್ಲಿ ಚಪ್ಪಲಿ ಅಂಗಡಿ ಸೇರಿ, ಅಂಗಡಿಯವನ ಹೆಂಡತಿಯ ಮೇಲೆ ಕಣ್ಣು. ಆಮೇಲೆ ಟೀವಿ ರಿಪೇರಿ. ಮದುವೆಯಾದ ಮೇಲಾದರೂ ಸರಿಹೋದನೇ ಎಂದರೆ, ವಠಾರದ ಅಂಗಳದಲ್ಲಿ ಕೂತು ಬಿಳಿ ಹೂವಿಗೆ ಬಣ್ಣ ಅದ್ದುತ್ತಾನೆ! ನಂತರ ಒಂದು ಕಂಪನಿಯಲ್ಲಿ ರಿಮೋಟು ಹಿಡಿದು ಆಟಿಕೆ ದೋಣಿ ಓಡಿಸುತ್ತಾನೆ. ಅದಕ್ಕೆ ಸಂಬಳ ಬೇರೆ. ಇಷ್ಟು ಹೊತ್ತಿಗೆ ಬಂದದ್ದು, ನಾನು ಮೊದಲು ಹೇಳಿದ ಪ್ರಶ್ನೆ. ಐದನೇ ಸಿನಿಮಾದಲ್ಲಿ ವಿಚ್ಛೇದನ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದಾನೆ, ಒಂದು ಕಾದಂಬರಿಯನ್ನೂ ಬರೆದಿದ್ದಾನೆ. "ಕಡೇಗೆ ಬರಹಗಾರ ಆದ ಅನ್ನಿ, ಇನ್ನು ಇವನು ಉದ್ಧಾರ ಆಗಲ್ಲ" ಎಂದು ತೀರ್ಪು ಕೊಟ್ಟು ಅವರೆಕಾಯಿ ಸಿಪ್ಪೆ ಒಟ್ಟು ಮಾಡಿಕೊಂಡು ಒಳಗೆ ಹೋದಳು. ನನ್ನ ಕಡೆ ಯಾಕೆ ನೋಡಿ ಹೋದಳೋ ಗೊತ್ತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಐದನೇ ಸಿನಿಮಾದ ಒಂದು ಕಸುಬುದಾರಿಕೆ. ಅದರಲ್ಲಿ ಆಂತ್ವಾನ್ ಹಳೆಯದನ್ನು ನೆನೆದಾಗ ಬಹುಪಾಲು ಹಿಂದಿನ ಸಿನಿಮಾಗಳ ತುಣುಕೇ ಬರುತ್ತದೆ. 35ರ ಹತ್ತಿರದ ಗಂಡಸು ತನ್ನ 14ನೇ ವಯಸ್ಸನ್ನು ನೆನೆಯುತ್ತಾನೆ, ತೆರೆಯ ಮೇಲೆ ಅವನದೇ 14ನೇ ವಯಸ್ಸು ಬರುತ್ತದೆ. ಅದೇ ಕಿವಿ, ಅದೇ ಮೂಗು.

ನಮ್ಮ ಸಿನಿಮಾದಲ್ಲಿ? ಹೀರೋ ಎಣ್ಣೆಗೆಂಪು, ಅವನ ಬಾಲ್ಯ ಹಾಲುಬಿಳುಪು. ಹೀರೋನದು ಗಿಳಿಮೂಗು, ಬಾಲ್ಯದ್ದು ಬೋಂಡಾ. ಇಬ್ಬರೂ ಒಬ್ಬನೇ ಎಂದು ನಂಬಿಸುವುದಕ್ಕೆ ಒಂದು ಮಚ್ಚೆ, ಒಂದು ಲಾಕೆಟ್ಟು, ಇಲ್ಲದಿದ್ದರೆ ಮನೆಮಂದಿಯೆಲ್ಲ ಸೇರಿ ಹಾಡುವ ಒಂದು ಹಾಡು. ಹುಟ್ಟಿದ ಊರು, ಅಪ್ಪನ ಹೆಸರು ಮರೆತರೂ ಆ ಹಾಡಿನ ಎರಡನೇ ಚರಣ ಮರೆಯುವುದಿಲ್ಲ.

ಅದಾದರೂ ಸರಿ. ಆ ಹುಡುಗ ಹೀರೋ ಆಗುವ ಗಳಿಗೆ ಇದೆಯಲ್ಲ, ಅದನ್ನು ನೆನೆಸಿಕೊಳ್ಳಿ. ಅಪ್ಪನನ್ನು ಖಳನಾಯಕ ಕೊಂದ. ಹುಡುಗ ಓಡಲು ಶುರು ಮಾಡಿದ. ಕ್ಯಾಮೆರಾ ಮುಖ ಬಿಟ್ಟು ಕಾಲಿಗೆ ಇಳಿಯಿತು. ಪುಟ್ಟ ಕಾಲು, ಬರಿಗಾಲು, ಓಡ್ತಾ ಓಡ್ತಾ ಓಡ್ತಾ, ತಟಕ್ಕನೆ ದೊಡ್ಡ ಕಾಲು, ಬೂಟು, ಬೆಲ್ ಬಾಟಮ್. ಕ್ಯಾಮೆರಾ ಮೇಲೆದ್ದರೆ ಹೀರೋ! ಶಿಳ್ಳೆ! ಹತ್ತರಿಂದ ಇಪ್ಪತ್ತೈದಕ್ಕೆ ಎರಡೇ ಸೆಕೆಂಡು. ನಡುವೆ ಎಸ್ಸೆಸ್ಸೆಲ್ಸಿ ಇಲ್ಲ, ಮೊಡವೆ ಇಲ್ಲ, ಗಂಟಲು ಒಡೆದು ಹುಂಜದ ಹಾಗೆ ಕೂಗಿದ್ದಿಲ್ಲ. ಫ್ರಾನ್ಸಿನಲ್ಲಿ ಒಬ್ಬ 20 ವರ್ಷ ಕಾದು ತೆಗೆದದ್ದನ್ನು ನಾವು ಒಂದು ಜೊತೆ ಬೂಟಿನಲ್ಲಿ ಮುಗಿಸಿದ್ದೇವೆ. ಅಮೆರಿಕದ ರಿಚರ್ಡ್ ಲಿಂಕ್ಲೇಟರ್ ಎಂಬಾತ 'ಬಾಯ್‌ಹುಡ್' ಸಿನಿಮಾಕ್ಕೆ ಒಬ್ಬ ಹುಡುಗನನ್ನು 2002ರಿಂದ ಸುಮಾರು 12 ವರ್ಷ ಆಗಾಗ ಕರೆಸಿ ಚಿತ್ರೀಕರಿಸಿ 2014ರಲ್ಲಿ ಬಿಡುಗಡೆ ಮಾಡಿದನಂತೆ. ನಮ್ಮ ನಿರ್ಮಾಪಕರ ಮುಂದೆ ಹೋಗಿ "ಸಾರ್, ಹುಡುಗನಿಗೆ ಮೀಸೆ ಬರೋವರೆಗೂ ಕಾಯಬೇಕು" ಅಂದರೆ, "ಅಂಟಿಸ್ರೀ" ಅನ್ನುತ್ತಾರೆ.

ಹರೆಯ ನಮ್ಮ ಸಿನಿಮಾದಲ್ಲಿ ಇಲ್ಲವೇ ಇಲ್ಲ ಎಂದರೆ ಅದೂ ಸುಳ್ಳು. ಇದೆ, ಬರುವುದು ಸ್ವಲ್ಪ ತಡ. 45 ದಾಟಿದ ಮೇಲೆ ಹೀರೋಗಳು ನೋಟ್‌ಬುಕ್ ಎದೆಗಪ್ಪಿಕೊಂಡು ಕಾಲೇಜು ಮೆಟ್ಟಿಲು ಹತ್ತುತ್ತಾರೆ, "ಅಮ್ಮಾ, ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ" ಎಂದು ಓಡಿ ಬರುತ್ತಾರೆ. ಅಮ್ಮನ ಪಾತ್ರ ಮಾಡಿದಾಕೆಗೆ ಮಗನಿಗಿಂತ ಕಡಿಮೆ ವಯಸ್ಸು.

ಒಂದೇ ಪಾತ್ರವನ್ನು ಮತ್ತೆ ಮತ್ತೆ ತರುವ ವಿದ್ಯೆ ನಮಗೆ ಬರುವುದಿಲ್ಲ ಅಂತಲೂ ಅಲ್ಲ. ಜೇಮ್ಸ್ ಬಾಂಡನ ಹೊಡೆತಕ್ಕೆ ದೊರೈ-ಭಗವಾನ್ ಜೋಡಿ 1968ರಲ್ಲೇ 'ಜೇಡರ ಬಲೆ' ತೆಗೆದು ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. ಅದೇ ವರ್ಷ ಗೋವಾಕ್ಕೆ ಕಳಿಸಿತು, 1969ರಲ್ಲಿ ಜಾಕ್‌ಪಾಟ್ ಹಿಡಿಯಲು ಕಳಿಸಿತು, 1978ರಲ್ಲಿ ವಜ್ರದ ಕಳ್ಳರ ಹಿಂದೆ ಬಿಟ್ಟಿತು. ಹತ್ತು ವರ್ಷದಲ್ಲಿ ನಾಲ್ಕು ಸಿನಿಮಾ, ಆದರೆ ಪತ್ತೇದಾರನಿಗೆ ಒಂದು ದಿನವೂ ವಯಸ್ಸಾಗಲಿಲ್ಲ. ಗೂಢಚಾರರಿಗೆ ರಿಟೈರ್‌ಮೆಂಟ್ ಇಲ್ಲ ಎಂದು ಕಾಣುತ್ತದೆ.

ಇನ್ನು 'ನಾಗರಹಾವು'. ರಾಮಾಚಾರಿ ಅಂದರೆ ಕನ್ನಡದ ಹರೆಯವೇ ಅಂಗಿ ತೊಟ್ಟು ಬಂದ ಹಾಗೆ. ಸಿಡುಕು, ಹಟ, ಮೇಷ್ಟ್ರ ಮೇಲೆ ಭಕ್ತಿ, ಉಳಿದವರ ಮೇಲೆ ಕಲ್ಲು. ತ.ರಾ.ಸು. ಅವನ ಕತೆಯನ್ನು ಮೂರು ಕಾದಂಬರಿಗಳಲ್ಲಿ ಹರಡಿದ್ದರು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರು ಸಿನಿಮಾ ಮಾಡುವಷ್ಟು ಸರಕು ಕೈಯಲ್ಲೇ ಇತ್ತು. ಪುಟ್ಟಣ್ಣ ಕಣಗಾಲ್ 1972ರಲ್ಲಿ ಮೂರನ್ನೂ ಒಂದೇ ಹಂಡೆಗೆ ಸುರಿದು, ರಾಮಾಚಾರಿಯನ್ನು ಚಿತ್ರದುರ್ಗದ ಬೆಟ್ಟದಿಂದ ಕೆಳಕ್ಕೆ ಹಾರಿಸಿ, ಮುಂದಿನ ಭಾಗದ ಮಾತೇ ಇಲ್ಲದಂತೆ ಮಾಡಿದರು. ಸಿನಿಮಾ ಅಮೋಘ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇಷ್ಟೇ: ಮೂವತ್ತೈದರ ರಾಮಾಚಾರಿ ಹೇಗಿರುತ್ತಿದ್ದ, ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತು ಯಾರ ಮೇಲೆ ಬುಸುಗುಡುತ್ತಿದ್ದ ಎಂದು ನೋಡುವ ಭಾಗ್ಯ ನಮಗಿಲ್ಲದೆ ಹೋಯಿತು.

ಮೈಸೂರಿನ ಆರ್.ಕೆ. ನಾರಾಯಣ್ ಇನ್ನೂ ಜಾಣರು. ಅವರ ಸ್ವಾಮಿ 1935ರಲ್ಲಿ ಶಾಲೆಗೆ ಹೋಗುತ್ತಾನೆ. 1937ರ 'ದಿ ಬ್ಯಾಚುಲರ್ ಆಫ್ ಆರ್ಟ್ಸ್‌'ನಲ್ಲಿ ಕಾಲೇಜು ಮುಗಿಸುತ್ತಾನೆ, ಅಷ್ಟರಲ್ಲಿ ಹೆಸರು ಚಂದ್ರನ್. 1945ರ 'ದಿ ಇಂಗ್ಲಿಷ್ ಟೀಚರ್'ನಲ್ಲಿ ಮೇಷ್ಟ್ರಾಗುತ್ತಾನೆ, ಆಗ ಹೆಸರು ಕೃಷ್ಣನ್. ಹುಡುಗ ಬೆಳೆದ, ಆದರೆ ಪ್ರತಿ ಸಲ ಹೆಸರು ಬದಲಾಯಿಸಿಕೊಂಡು. ಸಾಲ ಮಾಡಿದವರು ಊರು ಬದಲಾಯಿಸುವ ಹಾಗೆ. ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಕೂಡ ನಮ್ಮ ಮನಸ್ಸಿನಲ್ಲಿ ಇವತ್ತಿಗೂ ಚಡ್ಡಿಯಲ್ಲೇ ಇದ್ದಾನೆ. ಅವರು ದೊಡ್ಡವರಾದ ಮೇಲೆ ನಟನೆ ಬಿಟ್ಟು ಬೇರೆ ಉದ್ಯೋಗ ಹಿಡಿದರು. ಸ್ವಾಮಿಯನ್ನು ಯಾರೂ ಚಂದ್ರನ್ ಮಾಡಲಿಲ್ಲ.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಗೆ ಹೋದೆ. ನಮ್ಮ ಗುಂಪು ಆಗಲೇ ಕೂತಿತ್ತು. ರಿಂಗ್ ರೋಡು ಬಂದ ಮೇಲೆ ಜಮೀನಿನ ರೇಟು ಬಿಟ್ಟು ಇನ್ನೊಂದು ಮಾತಾಡದ ಜನ. ನಾನು ಗಂಟಲು ಸರಿ ಮಾಡಿಕೊಂಡು, "ಒಬ್ಬ ಹುಡುಗ ಬೆಳೆಯೋದನ್ನ ಸಾಲಾಗಿ ಸಿನಿಮಾ ಮಾಡಿರೋದು ನಮ್ಮ ದೇಶದಲ್ಲೂ ಇದೆ, ಗೊತ್ತೇನ್ರಯ್ಯ? ಸತ್ಯಜಿತ್ ರೇ, ಅಪು ಟ್ರಿಲಜಿ" ಅಂದೆ.

"ಗೊತ್ತಿಲ್ದೆ ಏನು" ಅಂದ ಒಬ್ಬ. "ಮೂರೂ ನೋಡಿದೀನಿ. 'ಅಪ್ಪು', 'ಅಭಿ', 'ವೀರ ಕನ್ನಡಿಗ'."

ಎಲ್ಲರೂ ನಕ್ಕರು. ನಾನೂ ನಕ್ಕು, ಬಂಗಾಳದ ಅಪುವಿನ ಕತೆ ಹೇಳಿದೆ. 1955ರ 'ಪಥೇರ್ ಪಾಂಚಾಲಿ'ಯಲ್ಲಿ ಹಳ್ಳಿಯ ಪುಟ್ಟ ಅಪು. 1956ರ 'ಅಪರಾಜಿತೋ'ದಲ್ಲಿ ಓದಲು ಕಲ್ಕತ್ತೆಗೆ ಹೋಗುವ ಅಪು. 1959ರ 'ಅಪುರ್ ಸಂಸಾರ್'ನಲ್ಲಿ ಮದುವೆಯಾಗುವ ಅಪು. ತ್ರೂಫೋನ ಹಾಗೆ ರೇ ಕಾಯಲಿಲ್ಲ, ಒಬ್ಬ ಅಪುವಿಗೆ ನಾಲ್ಕು ಜನರನ್ನು ಹುಡುಕಿದರು. ಎರಡನೇ ಸಿನಿಮಾಕ್ಕೇ ಬಂದಿದ್ದ ಸೌಮಿತ್ರ ಚಟರ್ಜಿಯವರನ್ನು ವಯಸ್ಸು ಜಾಸ್ತಿಯಾಯಿತು ಎಂದು ಬಿಟ್ಟು, ಮೂರನೆಯದಕ್ಕೆ ಕರೆದುಕೊಂಡರು. ವಯಸ್ಸು ಜಾಸ್ತಿಯಾಯಿತು ಎಂದು ಹೀರೋನನ್ನು ಬಿಡುವುದು! ನಮ್ಮ ಗುಂಪಿಗೆ ಇದು ಎಲ್ಲಕ್ಕಿಂತ ದೊಡ್ಡ ಪವಾಡವಾಗಿ ಕಂಡಿತು.

'ಅಪರಾಜಿತೋ' ವೆನಿಸ್‌ನಲ್ಲಿ 1957ರಲ್ಲಿ ಗೋಲ್ಡನ್ ಲಯನ್ ತಂದಿತು, ಆದರೆ ಬಂಗಾಳದಲ್ಲಿ ಓಡಲಿಲ್ಲ. ತಾಯಿಯಿಂದ ದೂರ ಸರಿಯುವ ಮಗನನ್ನು ನೋಡುವುದು ಯಾರಿಗೆ ತಾನೇ ಹಿತ? ಅದರಲ್ಲಿ ಒಂದು ಕಡೆ ಅಪು ರಜ ಮುಗಿಸಿ ಸ್ಟೇಷನ್ನಿಗೆ ಹೋಗುತ್ತಾನೆ. ರೈಲು ಬರುತ್ತದೆ. ಹತ್ತುವುದಿಲ್ಲ. ವಾಪಸ್ ಬಂದು ಅಮ್ಮನಿಗೆ "ರೈಲು ತಪ್ಪಿತು" ಅನ್ನುತ್ತಾನೆ. ಅಷ್ಟೇ. ನಾನು ಬೆಂಗಳೂರಿನಲ್ಲಿ ಪಿಯುಸಿ ಓದುವಾಗ ಒಂದು ಭಾನುವಾರ ಸಂಜೆ ಇದೇ ಬಸ್ ಸ್ಟ್ಯಾಂಡಿನಿಂದ ಹೀಗೇ ವಾಪಸ್ ಹೋಗಿದ್ದೆ. ಹೊಸಕೋಟೆ ಬಸ್ಸು ನನ್ನ ಮುಂದೆಯೇ ನಿಂತಿತ್ತು, ಕಿಟಕಿ ಪಕ್ಕದ ಸೀಟೂ ಖಾಲಿ ಇತ್ತು. ಮನೆಗೆ ಬಂದು ಬ್ಯಾಗು ಇಟ್ಟು "ಬಸ್ಸು ಹೋಗ್ಬಿಡ್ತಮ್ಮ" ಅಂದೆ. ಅಮ್ಮ ಏನೂ ಕೇಳಲಿಲ್ಲ. ಒಲೆಯ ಮೇಲೆ ಎಸರಿಟ್ಟಳು, ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಳು. ಇದನ್ನು ನಾನು ಗುಂಪಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ನಗುತ್ತಿದ್ದರು.

ಆದರೆ ಗೇಲಿ ಮಾಡಿದವನ ಮಾತು ಮಧ್ಯಾಹ್ನದವರೆಗೂ ಬಿಡಲಿಲ್ಲ. ಬಂಗಾಳಕ್ಕೊಬ್ಬ ಅಪು ಇದ್ದರೆ ನಮಗೊಬ್ಬ ಅಪ್ಪು ಇದ್ದನಲ್ಲ! ಪುನೀತ್ ರಾಜ್‌ಕುಮಾರ್ ಹುಟ್ಟಿದ್ದು 17 ಮಾರ್ಚ್ 1975. ನಾನು ಹುಟ್ಟಿದ್ದೂ ಅದೇ ವರ್ಷ, ಹಾಗಾಗಿ ಲೆಕ್ಕ ನನಗೆ ಸುಲಭ. 1976ರ 'ಪ್ರೇಮದ ಕಾಣಿಕೆ'ಯಲ್ಲಿ ಕೈಗೂಸು. ಆಂತ್ವಾನ್ ಸಿನಿಮಾಕ್ಕೆ ಬರುವ ಹೊತ್ತಿಗೆ ಶಾಲೆಗೆ ಚಕ್ಕರ್ ಹೊಡೆಯಲು ಕಲಿತಿದ್ದ, ನಮ್ಮವನು ಅಂಬೆಗಾಲಿಗಿಂತ ಮೊದಲೇ ಕ್ಯಾಮೆರಾ ಕಂಡವನು. 'ವಸಂತ ಗೀತ', 'ಭಾಗ್ಯವಂತ', 'ಚಲಿಸುವ ಮೋಡಗಳು'. 1983ರ 'ಎರಡು ನಕ್ಷತ್ರಗಳು' ಸಿನಿಮಾದಲ್ಲಿ ಒಬ್ಬ ಸಾಲದೆಂದು ಇಬ್ಬರಾಗಿ ಬಂದ. ಅದೇ ವರ್ಷ 'ಭಕ್ತ ಪ್ರಹ್ಲಾದ'ದಲ್ಲಿ ಸ್ವಂತ ಅಪ್ಪ ರಾಜ್‌ಕುಮಾರ್ ಅವರೇ ಹಿರಣ್ಯಕಶಿಪು, ಎದುರು ನಿಂತು ವಾದ ಮಾಡಿದ. ನಾವು ಮನೆಯಲ್ಲಿ ಒಂದು ರೂಪಾಯಿ ಕೇಳಲು ಕಂಬ ಹಿಡಿದುಕೊಂಡು ನಿಲ್ಲುತ್ತಿದ್ದ ಕಾಲ ಅದು. ನಮ್ಮ ಕಂಬದಿಂದ ಯಾವ ನರಸಿಂಹನೂ ಬರಲಿಲ್ಲ.

ಆಮೇಲೆ 1985, 'ಬೆಟ್ಟದ ಹೂವು'. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಟೆಂಟಿನಲ್ಲಿ ನೋಡಿದ್ದು. ಸಂಜೆ ಮೈಕಿನಲ್ಲಿ ಘಂಟಸಾಲರ ವೆಂಕಟೇಶ್ವರನ ಹಾಡು ಕೇಳಿದರೆ ಸಾಕು, ಉಣ್ಣುತ್ತಿದ್ದವರು ಕೈ ತೊಳೆದು ಓಡುತ್ತಿದ್ದೆವು. ನೆಲದ ಟಿಕೆಟ್ಟು. ಮುಂದಿನವನ ತಲೆ ಅಡ್ಡ ಬರದಂತೆ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು. ಹಿಂದಿನವನು ಅದಕ್ಕಿಂತ ಎತ್ತರದ ಗುಡ್ಡೆ ಮಾಡುವುದು. ಬೆಟ್ಟದಲ್ಲಿ ಹೂವು ಹುಡುಕಿ ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಅಪ್ಪುವಿನ ಪಾತ್ರ ರಾಮು ಕಾಸು ಕೂಡಿಡುತ್ತಾನೆ. ಕೊನೆಗೆ ಆ ದುಡ್ಡಿಗೆ ಪುಸ್ತಕದ ಬದಲು ಮನೆಯವರಿಗೆ ಕಂಬಳಿ ತರುತ್ತಾನೆ. ರಾಮುವಿಗೂ ಹತ್ತು, ನನಗೂ ಹತ್ತು. ಇಡೀ ಟೆಂಟು ಮೂಗು ಸೀಟಿಕೊಂಡಿತು. ರಾಷ್ಟ್ರಪ್ರಶಸ್ತಿ ಬಂದದ್ದು ಆಮೇಲೆ, ನಾವು ಮೂಗು ಸೀಟಿದ್ದು ಮೊದಲು.

ಈಗ ನನ್ನ ಪ್ರಶ್ನೆ ಕೇಳಿ. ರಾಮು ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ತೆಗೆದ? 16ನೇ ವಯಸ್ಸಿನಲ್ಲಿ ಆ ಕಂಬಳಿಯನ್ನು ಕಂಡರೆ ಅವನಿಗೆ ಸಿಟ್ಟು ಬರುತ್ತಿತ್ತೇ? "ನನ್ನ ಪುಸ್ತಕದ ದುಡ್ಡು" ಎಂದು ಅಮ್ಮನ ಮೇಲೆ ಹಾರಾಡಿದನೇ? ಇಪ್ಪತ್ತಕ್ಕೆ ಸಂಬಳ ಬಂದು, ಬೆಂಗಳೂರಿನಲ್ಲಿ 'ರಾಮಾಯಣ ದರ್ಶನಂ' ಕೊಂಡು, ಮಹಾಛಂದಸ್ಸಿನ ಮೊದಲ ಪುಟದಲ್ಲೇ ನಿದ್ದೆ ಹೋದನೇ? ಇವೆಲ್ಲ ತ್ರೂಫೋ ಕೇಳಿಕೊಂಡ ಪ್ರಶ್ನೆಗಳು. ನಾವು ಕೇಳಿಕೊಳ್ಳಲಿಲ್ಲ. ರಾಮುವನ್ನು ಬೆಟ್ಟದಲ್ಲೇ ಬಿಟ್ಟು ಮರಳು ಕೊಡವಿಕೊಂಡು ಮನೆಗೆ ಬಂದೆವು.

1988ಕ್ಕೆ 'ಶಿವ ಮೆಚ್ಚಿದ ಕಣ್ಣಪ್ಪ'. ಅಪ್ಪು ಬಾಲಕ ಕಣ್ಣಪ್ಪ, ದೊಡ್ಡವನಾದ ಕೂಡಲೇ ಅಣ್ಣ ಶಿವರಾಜ್‌ಕುಮಾರ್! ನೋಡಿದಿರಾ, ಮತ್ತೆ ಅದೇ ಬೂಟಿನ ಉಪಾಯ. ಆದರೂ ಈ ಸಲ ಮೂಗು ಹೊಂದಿತು, ಮನೆಯದೇ ಮೂಗಲ್ಲವೇ. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಬಂದಿದ್ದ ಅಪ್ಪ ಇಲ್ಲಿ ಶಿವನಾಗಿ ನಿಂತಿದ್ದರು. ಒಬ್ಬನೇ ಹುಡುಗ ಬೆಳೆಯುವುದನ್ನು ನಾವು ತೋರಿಸಲಿಲ್ಲ, ಒಂದೇ ಪಾತ್ರದಲ್ಲಿ ಒಂದು ಮನೆ ಬೆಳೆದದ್ದನ್ನು ತೋರಿಸಿದೆವು. ಇದು ತ್ರೂಫೋಗೂ ಹೊಳೆದಿರಲಾರದು.

1989ರಲ್ಲಿ 'ಪರಶುರಾಮ್'. ಅಲ್ಲಿಗೆ ನಿಂತಿತು. ಅಪ್ಪುವಿಗೆ ಆಗ 14. ಲೆಯೋ ಯಾವ ವಯಸ್ಸಿಗೆ ಕ್ಯಾಮೆರಾದ ಮುಂದೆ ಬಂದನೋ, ಸರಿಯಾಗಿ ಅದೇ ವಯಸ್ಸಿಗೆ ಅಪ್ಪು ಕ್ಯಾಮೆರಾದಿಂದ ಆಚೆ ಸರಿದ. ಮತ್ತೆ ಬಂದದ್ದು 2002ರ ಏಪ್ರಿಲ್‌ನಲ್ಲಿ, ಮನೆಯಲ್ಲಿ ಕರೆಯುವ ಹೆಸರನ್ನೇ ಸಿನಿಮಾದ ಹೆಸರು ಮಾಡಿಕೊಂಡು. ಕುಣಿದ, ಹಾರಿದ, ಬಡಿದ, 27ರ ಗಂಡಸು. ನಡುವಿನ 13 ವರ್ಷ? ಕರೆಂಟು ಹೋಗಿತ್ತು. ತಮಾಷೆ ನೋಡಿ, 'ಚಿನ್ನಾರಿ ಮುತ್ತ', 'ಕೊಟ್ರೇಶಿ ಕನಸು' ಸಿನಿಮಾಗಳ ಪುಟ್ಟ ವಿಜಯ್ ರಾಘವೇಂದ್ರ ಕೂಡ ಹಾಗೇ ಮಾಯವಾಗಿ 'ನಿನಗಾಗಿ' ಹೀರೋ ಆಗಿ ಹೊರಬಂದದ್ದು ಅದೇ 2002ರಲ್ಲಿ. ಆರು ತಿಂಗಳ ಕೂಸಿನಿಂದ ನಾವು ಎತ್ತಿ ಆಡಿಸಿದ ಅಪ್ಪುವೂ ಮೀಸೆ ಮೂಡುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿಕೊಂಡ.

ಹಾಕಿಕೊಂಡದ್ದೇ ಒಳ್ಳೆಯದಾಯಿತೇನೋ ಎಂದು ನಮ್ಮಜ್ಜಿ ಇದ್ದಿದ್ದರೆ ಹೇಳುತ್ತಿದ್ದಳು. ನಮ್ಮದು ರೇಷ್ಮೆಯ ಸೀಮೆ. ನಮ್ಮ ಮನೆಯಲ್ಲೂ ಹುಳು ಸಾಕುತ್ತಿದ್ದರು, ಗೂಡು ಮಾರುಕಟ್ಟೆಗೆ ಹೋಗುತ್ತಿತ್ತು. ರೇಷ್ಮೆ ಹುಳು ಒಂದೇ ಸಮನೆ ಬೆಳೆಯುವುದಿಲ್ಲ. ನಾಲ್ಕು ಸಲ ಪೊರೆ ಬಿಡುತ್ತದೆ, ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಕಲ್ಲಾಗಿ ಕೂತುಬಿಡುತ್ತದೆ. ಆಗ ತಟ್ಟೆ ಅಲ್ಲಾಡಿಸಬಾರದು, ಸೊಪ್ಪು ಹಾಕಬಾರದು, ಮುಟ್ಟಬಾರದು. ಒಂದು ದಿನ ಬಿಟ್ಟರೆ ಹಳೆ ಚರ್ಮ ಕಳಚಿ ತಾನೇ ಏಳುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಂತೂ ತಿನ್ನುವುದೇ ತಿನ್ನುವುದು. ರಾತ್ರಿ ಹುಳುಮನೆಯಲ್ಲಿ ಮಲಗಿದರೆ ಸೊಪ್ಪು ಕಡಿಯುವ ಸದ್ದು ಹೆಂಚಿನ ಮೇಲೆ ಮಳೆ ಹುಯ್ದ ಹಾಗೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಯಾರ ಜೊತೆಗೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿದ್ದಾಗ ಅಪ್ಪ ಬಾರುಕೋಲು ಹುಡುಕುತ್ತಿದ್ದರೆ, ಅಜ್ಜಿ ಅಡ್ಡ ಬಂದಿದ್ದಳು. "ಜ್ವರಕ್ಕೆ ಕೂತವ್ನೆ, ಮುಟ್ಬೇಡ ಬಿಡ್ಲಾ."

ನಾಲ್ಕು ಸಲ ಸತ್ತವಳು ನನ್ನನ್ನು ಉಳಿಸಿದ್ದು ಹೀಗೆ.

ಆದರೆ ಮುಟ್ಟಬಾರದು ಅಂದರೆ ನೋಡಲೂ ಬಾರದು ಅಂತ ಅಲ್ಲವಲ್ಲ. ಅಜ್ಜಿ ಜ್ವರದ ಹುಳುವನ್ನು ಬುಡ್ಡಿ ಹಿಡಿದು ರಾತ್ರಿ ಎರಡು ಸಲ ನೋಡಿ ಬರುತ್ತಿದ್ದಳು. ನಮ್ಮ ಸಿನಿಮಾದವರು ಮೊಟ್ಟೆ ತೋರಿಸುತ್ತಾರೆ, ಆಮೇಲೆ ಒಂದೇ ಸಲಕ್ಕೆ ರೇಷ್ಮೆ ಸೀರೆ ತೋರಿಸುತ್ತಾರೆ.

ಸಿನಿಮಾದವರನ್ನು ಅಂದು ಏನು ಪ್ರಯೋಜನ. ಆವತ್ತು ಸಂಜೆ ನಮ್ಮ ಮನೆಯ ಆಲ್ಬಮ್ ತೆಗೆದು ನೋಡಿದೆ. ನನ್ನ ಐದನೇ ವರ್ಷದ ಫೋಟೋ ಇದೆ, ಸ್ಟುಡಿಯೋದ ಪ್ಲಾಸ್ಟಿಕ್ ಫೋನು ಕಿವಿಗಿಟ್ಟುಕೊಂಡು ಅಳುಮುಖ ಮಾಡಿದ್ದು. ಪುಟ ತಿರುಗಿಸಿದರೆ ಮದುವೆ, ಪೇಟ, ಬಾಸಿಂಗ. ನಡುವೆ ಏನೂ ಇಲ್ಲ. ನಾನೂ ಓಡ್ತಾ ಓಡ್ತಾ ಬೂಟು ಹಾಕಿಕೊಂಡವನೇ! ಇರುವುದೆಂದರೆ 1991ರ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ತೆಗೆಸಿದ ಕಪ್ಪು ಬಿಳುಪಿನ ಪಾಸ್‌ಪೋರ್ಟ್ ಸೈಜು ಒಂದು. ಆಗ ನನಗೆ ಹೊಸದಾಗಿ ಮೀಸೆ ಮೂಡಿತ್ತು. ಇದ್ದಿಲು ತಿಂದು ಬಾಯಿ ಒರೆಸಿಕೊಳ್ಳಲು ಮರೆತ ಹಾಗೆ ಕಾಣುತ್ತಿತ್ತು, ಆದರೂ ನನ್ನ ಪಾಲಿಗೆ ಅದು ಆಸ್ತಿ. ಫೋಟೋ ತೆಗೆಸಿಕೊಳ್ಳುವ ದಿನ ಅದಕ್ಕೆ ಹರಳೆಣ್ಣೆ ಹಚ್ಚಿ ನೀವಿಕೊಂಡು ಹೋಗಿದ್ದೆ. ಆ ಕಾಲದಲ್ಲಿ ಸ್ಟುಡಿಯೋದವರು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲು ಆಡಿಸಿ ಮುಖ ಚೆಂದ ಮಾಡಿಕೊಡುತ್ತಿದ್ದರು. ಆ ಪುಣ್ಯಾತ್ಮ ನನ್ನ ಮೊಡವೆ ಅಳಿಸುವ ಉತ್ಸಾಹದಲ್ಲಿ ಮೀಸೆಯನ್ನೂ ಅಳಿಸಿಬಿಟ್ಟಿದ್ದ. ಪರೀಕ್ಷೆ ಹಾಲಿನಲ್ಲಿ ಮೇಷ್ಟ್ರೊಬ್ಬರು ಫೋಟೋ ನೋಡಿ, ನನ್ನ ಮುಖ ನೋಡಿ, "ನಿನ್ನ ತಮ್ಮನದೇನೋ ಇದು?" ಎಂದು ಕೇಳಿದರು. ಮೂವತ್ತು ವರ್ಷದ ಮೇಲಾಯಿತು, ಆ ಪೆನ್ಸಿಲನ್ನು ನಾನಿನ್ನೂ ಕ್ಷಮಿಸಿಲ್ಲ.

ಅಪ್ಪುವಿನ ಸರಣಿಗೆ ಕೊನೆಯ ಕಂತೊಂದು ಉಳಿದಿದೆ. 29 ಅಕ್ಟೋಬರ್ 2021ಕ್ಕೆ ಅವರು ಹೋದರು, 46 ವರ್ಷ. ಆವತ್ತು ಸೂಲಿಬೆಲೆಯಲ್ಲಿ ಅಂಗಡಿಗಳ ಬಾಗಿಲು ಅರ್ಧ ಎಳೆದಿದ್ದವು. ಗೇಲಿ ಮಾಡುವ ನಮ್ಮ ಗುಂಪು ಟೀ ಹೇಳುವುದನ್ನೇ ಮರೆತು ಕೂತಿತ್ತು. ಮುಂದಿನ ಮಾರ್ಚ್ 17ಕ್ಕೆ 'ಜೇಮ್ಸ್' ಬಂತು. ಮಾತಿನ ರೆಕಾರ್ಡಿಂಗ್ ಮಾಡುವ ಮೊದಲೇ ಹೋದದ್ದರಿಂದ ಅಪ್ಪುವಿನ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. 1988ರಲ್ಲಿ ತಮ್ಮನ ಕಣ್ಣಪ್ಪ ದೊಡ್ಡವನಾದಾಗ ಮೈ ಕೊಟ್ಟವರು ಇವರೇ, 2022ರಲ್ಲಿ ಗಂಟಲು ಕೊಟ್ಟವರೂ ಇವರೇ. ಆಮೇಲೆ ಅಪ್ಪುವಿನದೇ ದನಿಯನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ಮತ್ತೆ ಹಾಕಿದರು. ಅಕ್ಟೋಬರ್ 28ಕ್ಕೆ 'ಗಂಧದ ಗುಡಿ'. ಅದರಲ್ಲಿ ಪಾತ್ರವೇ ಇಲ್ಲ, ಕಾಡಿನಲ್ಲಿ ನಡೆಯುತ್ತಾ ಹೋಗುವ ಅವರೇ. ಅಲ್ಲಿ ಒಂದೊಂದು ಸಲ ತಿರುಗಿ ನಕ್ಕಾಗ ಬೆಟ್ಟದ ಹೂವಿನ ರಾಮು ಕಾಣುತ್ತಾನೆ. ಬೇರೆ ಹುಡುಗನಲ್ಲ, ಅದೇ ಮೂಗು.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು, "ನಮ್ಮ ಕಾಲದಲ್ಲಿ ಆ ತೊಂದರೆ ಇಲ್ಲ ಮಾವ, ದಿನಕ್ಕೆ ಐವತ್ತು ಫೋಟೋ ಇರುತ್ತೆ" ಎಂದು ಮೊಬೈಲಿನಲ್ಲಿ ತನ್ನ ಹತ್ತನೇ ಕ್ಲಾಸಿನ ಚಿತ್ರಗಳನ್ನು ತೋರಿಸಿದ. ನೋಡಿದೆ. ಒಂದರಲ್ಲೂ ಮೊಡವೆ ಇಲ್ಲ! ಆಗ ಅವನ ಮುಖ ಜೋಳದ ತೆನೆಯಂತಿತ್ತು, ನನಗೆ ಚೆನ್ನಾಗಿ ನೆನಪಿದೆ. ಯಾವುದೋ ಫಿಲ್ಟರ್ ಅಂತೆ, ಒತ್ತಿದರೆ ಎಲ್ಲ ನುಣ್ಣಗಾಗುತ್ತದಂತೆ. ನಮ್ಮ ಸ್ಟುಡಿಯೋದವನ ಪೆನ್ಸಿಲು ಈಗ ಎಲ್ಲರ ಜೇಬಿಗೂ ಬಂದಿದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಜ್ವರಕ್ಕೆ ಕೂತ ಹುಡುಗನೋ ಹುಡುಗಿಯೋ ಇದ್ದರೆ, ಗೋಡೆ ಕಡೆ ತಿರುಗಿದ್ದರೂ ಸರಿಯೇ, ಒಂದು ಫೋಟೋ ತೆಗೆದಿಡಿ. ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾರೆ. ಹಿಡಿದದ್ದನ್ನೇ ತೆಗೆಯಿರಿ. ಫಿಲ್ಟರ್ ಮಾತ್ರ ಒತ್ತಬೇಡಿ.